ಕಿರ್ದಿ ಬರೆಯುವ ಗಣಕ

೨೦೨೫ನೆಯ ಇಸವಿಯ ಅಕ್ಟೋಬರ್ ೧೪ರಂದು ‘ವಿಂಡೋಸ್ ೧೦’ ಎಂಬ ಕಾರ್ಯಾಚರಣ ವ್ಯವಸ್ಥೆಗೆ ಅದರ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಅದರ ಮುಂದಿನ ಪೀಳಿಗೆಯದಾದ ‘ವಿಂಡೋಸ್ ೧೧’ ನಡೆಯಬೇಕಾದರೆ ಗಣಕದಲ್ಲಿ ‘ಟಿಪಿಎಂ ೨.೦’ ಎಂಬ ಭದ್ರತಾ ಸಾಧನವಿರಬೇಕು. ಪ್ರೊಸೆಸರು ಇಂಟೆಲ್ ಕಂಪನಿಯದಾದರೆ ಅದು ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದೋ ಅದರ ಅನಂತರದ್ದೋ ಆಗಿರಬೇಕು. ಎಂಟನೆಯ ಪೀಳಿಗೆಯು ಪೇಟೆಗೆ ಬಂದುದು ೨೦೧೭ರಲ್ಲಿ. ಎಂದಮೇಲೆ ಅದಕ್ಕೂ ಮೊದಲು ಕೊಂಡ ಗಣಕಗಳು, ಅವುಗಳ ಪರದೆ, ಕೀಲಿಮಣೆ, ಡಿಸ್ಕುಗಳೆಲ್ಲವೂ ಸುಸ್ಥಿತಿಯಲ್ಲಿದ್ದರೂ, ತಯಾರಕರ ಲೆಕ್ಕದಲ್ಲಿ ಮುದಿಯಾಗಿಬಿಟ್ಟವು. ಅಣ್ಣನ ಇಂಜಿನಿಯರಿಂಗ್ ಓದಿಗೆಂದು ತಂದ ಗಣಕವನ್ನು ತಂಗಿಯು ಪದವಿಪೂರ್ವ ತರಗತಿಯಲ್ಲಿ ಬಳಸುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಅಂಥ ಮನೆಗೆ ಹೊಸ ಗಣಕವೆಂಬುದು ಸಣ್ಣ ಖರ್ಚಲ್ಲ.

ಹಳೆಯ ಗಣಕವನ್ನು ಉಪಯೋಗದಲ್ಲಿ ಉಳಿಸಿಕೊಳ್ಳಲು ಇರುವ ದಾರಿಗಳಲ್ಲಿ ‘ಲಿನಕ್ಸ್’ ಒಂದು. ಅದಕ್ಕೆ ಬೆಲೆ ತೆರಬೇಕಾಗಿಲ್ಲವೆಂಬ ಸಂಗತಿಯನ್ನು ವಾಚಕರು ಕೇಳಿಯೇ ಇರುವರು. ಆದರೆ ನಮ್ಮ ಅನುಭವದಲ್ಲಿ ಅದರ ಹೆಚ್ಚಿನ ಗುಣ ಬೇರೆಯದು. ಅದು ತಾನು ಮಾಡಿದ ಕೆಲಸವನ್ನೆಲ್ಲ ಬರೆದಿಡುತ್ತದೆ. ಬರೆದಿಟ್ಟುದನ್ನು ಮನೆಯವರಿಗೆ ಓದಗೊಡುತ್ತದೆ. ಬೆಳಗಾವಿ ನಗರದಲ್ಲಿ ಒಂದು, ಅಲ್ಲಿಂದ ಸುಮಾರು ೨೬ ಕಿಲೊಮೀಟರು ದಕ್ಷಿಣಕ್ಕಿರುವ ಖಾನಾಪುರದಲ್ಲಿ ಒಂದು, ಹೀಗೆ ಒಂದೇ ವಯಸ್ಸಿನ ಎರಡು ಹಳೆಯ ಗಣಕಗಳನ್ನು ಕೆಲವು ವರ್ಷಗಳಿಂದ ಲಿನಕ್ಸಿನಲ್ಲಿ ನಡೆಸಿಕೊಂಡು ಬಂದಿದ್ದೇವೆ. ಎರಡರಲ್ಲಿಯೂ ಇರುವುದು ‘ಲಿನಕ್ಸ್ ಮಿಂಟ್’ ಎಂಬ ಒಂದೇ ಆವೃತ್ತಿ. ಆದರೂ ಖಾನಾಪುರದ ಗಣಕವು ಕಲಿಸಿದಷ್ಟು ಪಾಠವನ್ನು ಬೆಳಗಾವಿಯದು ಕಲಿಸಲಿಲ್ಲ. ಅದಕ್ಕೆ ಕಾರಣ ಮಳೆ.

ಮೊದಲು ಲಿನಕ್ಸೆಂದರೇನೆಂಬುದನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುವೆವು. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬವರು ‘ಯೂನಿಕ್ಸ್’ ಎಂಬ ಕಾರ್ಯಾಚರಣ ವ್ಯವಸ್ಥೆಗೆ ಅಡಿಪಾಯ ಹಾಕಿದರು. ಅದರ ರೀತಿಯದೇ ಆದ, ಆದರೆ ಯಾರು ಬೇಕಾದರೂ ಒಳಗನ್ನು ಓದಿ ತಿದ್ದಿ ಹಂಚಬಹುದಾದ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ ರಿಚರ್ಡ್ ಸ್ಟಾಲ್ಮನ್ ೧೯೮೩ರಲ್ಲಿ ಸಾರಿದರು. ಇದೇ ‘ಗ್ನು’ ಯೋಜನೆ. ಅದಕ್ಕೆ ಬೇಕಾದ ತಿರುಳನ್ನು, ಎಂದರೆ ಯಂತ್ರಭಾಗಗಳೊಡನೆ ನೇರವಾಗಿ ವ್ಯವಹರಿಸುವ ‘ಕರ್ನೆಲ್’ ಎಂಬುದನ್ನು, ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ೨೧ ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆಯತೊಡಗಿದನು. ಈ ಎರಡನ್ನೂ ಬೆಸೆದು, ಅವುಗಳ ಮೇಲೆ ನಿತ್ಯೋಪಯೋಗದ ತಂತ್ರಾಂಶಗಳನ್ನು ಜೋಡಿಸಿ ಹಂಚುವ ಕಟ್ಟುಗಳೇ ಡೆಬಿಯನ್, ಉಬುಂಟು, ಮಿಂಟ್ ಮೊದಲಾದವು. ನಮ್ಮ ದೇಶದ ಜಿಲ್ಲಾ ನ್ಯಾಯಾಲಯಗಳ ಗಣಕೀಕರಣಕ್ಕಾಗಿ ನಡೆದ ‘ಇ-ಕೋರ್ಟ್ಸ್’ ಯೋಜನೆಯಲ್ಲಿ ಉಬುಂಟುವನ್ನು ಆಯ್ದುಕೊಂಡರು. ಕೇರಳದ ಸರಕಾರಿ ಶಾಲೆಗಳು ಲಿನಕ್ಸನ್ನೇ ಕಲಿಸುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಗಣಕದ ಓಂಕಾರವನ್ನು ಅದರಲ್ಲಿಯೇ ಬರೆಯುತ್ತಾರೆ. ಬೆಳಗಾವಿಯಲ್ಲಿಯೇ ಕೇಂದ್ರವಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಗಣಕವಿಜ್ಞಾನದ ವಿದ್ಯಾರ್ಥಿಗಳಿಗಂತೂ ಅದು ಪಠ್ಯವಿಷಯ. ಪಠ್ಯವಾಗಿ ಓದುವುದು ಬೇರೆ, ಮನೆಯಲ್ಲಿಟ್ಟುಕೊಂಡು ಬಾಳಿಸುವುದು ಬೇರೆ.

ಇನ್ನು ಮಳೆಯ ವಿಷಯ. ಖಾನಾಪುರ ತಾಲ್ಲೂಕು ಪಶ್ಚಿಮಘಟ್ಟದ ಮಡಿಲಲ್ಲಿದೆ. ಮಲಪ್ರಭೆಯು ಹುಟ್ಟುವ ಕಣಕುಂಬಿ ಇರುವುದು ಈ ತಾಲ್ಲೂಕಿನಲ್ಲಿಯೇ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಮರದ ಕೊಂಬೆಗಳು ತಂತಿಗಳ ಮೇಲೆ ಒರಗುವುದು, ವಿದ್ಯುತ್ತು ನಿಲ್ಲುವುದು, ಬರುವುದು, ಮತ್ತೆ ನಿಲ್ಲುವುದು ಕಾಡಿನಂಚಿನ ಊರುಗಳಿಗೆಲ್ಲ ಸಾಮಾನ್ಯವಾದ ಸಂಗತಿ. ಪುಸ್ತಕ ಓದುತ್ತಿದ್ದವನು ದೀಪ ಆರಿದರೆ ಪುಸ್ತಕ ಮುಚ್ಚಿ ಕುಳಿತಾನು. ಆದರೆ ಡಿಸ್ಕಿನ ಮೇಲೆ ಬರೆಯುತ್ತಿದ್ದ ಗಣಕವು ಅರ್ಧ ಅಕ್ಷರದಲ್ಲಿಯೇ ನಿಂತರೆ ಅದರ ಗತಿಯೇನು?

ಪ್ರಬಂಧವೊಂದನ್ನು ಬರೆದು ‘ಉಳಿಸು’ ಎಂದು ಆಜ್ಞೆ ಕೊಟ್ಟೊಡನೆ ಅದು ಡಿಸ್ಕಿನಲ್ಲಿ ಅಚ್ಚಾಯಿತೆಂದು ನಾವು ನಂಬುತ್ತೇವೆ. ಎಷ್ಟೋ ಸಲ ಹಾಗಾಗಿರುವುದಿಲ್ಲ. ತಿರುಗುವ ಡಿಸ್ಕಿನ ಮೇಲೆ ಓದುಬರಹದ ತಲೆಯು ಸರಿದು ಸರಿಯಾದ ಸ್ಥಳವನ್ನು ಸೇರಲು ಸೆಕೆಂಡಿನ ನೂರರಲ್ಲೊಂದು ಭಾಗದಷ್ಟು ಕಾಲ ಬೇಕು. ನಮಗೆ ಇದು ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ; ಗಣಕಕ್ಕೋ ಯುಗವೆನ್ನಬೇಕು. ಅದರ ತಾತ್ಕಾಲಿಕ ಸ್ಮೃತಿಯಲ್ಲಿ, ಎಂದರೆ ‘ರ‍್ಯಾಮ್’ನಲ್ಲಿ, ಅದೇ ಕೆಲಸವು ಸುಮಾರು ಒಂದು ಲಕ್ಷ ಪಟ್ಟು ಬೇಗ ಮುಗಿಯುತ್ತದೆ. ಆದುದರಿಂದ ಕರ್ನೆಲ್ಲು ಬರಹವನ್ನು ಮೊದಲು ಸ್ಮೃತಿಯಲ್ಲಿರಿಸಿಕೊಂಡು, ಹಲವು ಸಣ್ಣ ಬರಹಗಳು ಕೂಡಿದ ಮೇಲೆ ಒಟ್ಟಿಗೆ ಡಿಸ್ಕಿಗೆ ಒಯ್ಯುತ್ತದೆ. ಸಾಮಾನ್ಯ ಏರ್ಪಾಟಿನಲ್ಲಿ ಅದು ೫ ಸೆಕೆಂಡಿಗೊಮ್ಮೆ ಎದ್ದು ನೋಡಿ, ೩೦ ಸೆಕೆಂಡಿಗಿಂತ ಹಳೆಯದಾದುದನ್ನು ಸಾಗಿಸುವುದು. ಈ ಅವಧಿಯಲ್ಲಿ ವಿದ್ಯುತ್ತು ಹೋದರೆ ಸ್ಮೃತಿಯಲ್ಲಿದ್ದುದು ಹೋದಂತೆಯೇ.

ಕೆಲವು ಸಾಲು ಹೋದರೆ ಮತ್ತೆ ಬರೆಯಬಹುದು. ಅದಕ್ಕಿಂತ ದೊಡ್ಡ ಅಪಾಯವೊಂದುಂಟು. ಹೊಸ ಕಡತವೊಂದನ್ನು ಡಿಸ್ಕಿಗೆ ಸೇರಿಸುವಾಗ ಕೇವಲ ಅದರ ಒಳಗಿನ ಬರಹವನ್ನು ಇಟ್ಟರೆ ಸಾಲದು, ಖಾಲಿ ಜಾಗಗಳ ಪಟ್ಟಿಯಲ್ಲಿ ‘ಈ ಜಾಗ ಇನ್ನು ಖಾಲಿಯಲ್ಲ’ವೆಂದು ಗುರುತು ಹಾಕಬೇಕು, ಕಡತದ ಗಾತ್ರ, ಒಡೆಯ, ಇರುವ ಠಾವು ಇವುಗಳನ್ನು ಬರೆದ ಚೀಟಿಯೊಂದನ್ನು ತಯಾರಿಸಬೇಕು, ಕೋಶದ ಹೆಸರುಪಟ್ಟಿಯಲ್ಲಿ ಅದರ ಹೆಸರನ್ನು ಏರಿಸಬೇಕು. ಇವು ಡಿಸ್ಕಿನ ಬೇರೆ ಬೇರೆ ಮೂಲೆಗಳಲ್ಲಿರುತ್ತವೆ. ಒಂದಾಗಿ ಮತ್ತೊಂದಾಗುವಷ್ಟರಲ್ಲಿ ವಿದ್ಯುತ್ತು ಹೋಯಿತೆನ್ನಿ. ಜಾಗ ತುಂಬಿದೆಯೆಂದು ಒಂದು ಪಟ್ಟಿ ಹೇಳುತ್ತದೆ, ಆ ಜಾಗಕ್ಕೆ ಒಡೆಯನೇ ಇಲ್ಲ. ಇಲ್ಲವೆ ಒಂದೇ ಜಾಗವನ್ನು ಎರಡು ಕಡತಗಳು ತಮ್ಮದೆನ್ನುತ್ತವೆ. ಇಂದು ಬರೆದುದಷ್ಟೇ ಅಲ್ಲ, ಕಳೆದ ವರ್ಷ ಇಟ್ಟಿದ್ದ ಚಿತ್ರವೂ ಕೆಡುವ ಸಂಭವವಿದೆ. ೧೯೯೩ರ ‘ಎಕ್ಸ್ಟ್-೨’ ಎಂಬ ಕಡತವ್ಯವಸ್ಥೆಯಲ್ಲಿ ಇಂಥ ಅವಘಡವಾದಾಗ ಗಣಕವು ಮರುದಿನ ಡಿಸ್ಕಿನ ಎಲ್ಲ ಪಟ್ಟಿಗಳನ್ನೂ ಮೊದಲಿನಿಂದ ಕೊನೆಯವರೆಗೆ ತಾಳೆ ನೋಡಬೇಕಾಗುತ್ತಿತ್ತು. ಡಿಸ್ಕುಗಳು ದೊಡ್ಡವಾದಂತೆ ಈ ತಪಾಸಣೆಯು ಗಂಟೆಗಟ್ಟಲೆ ನಡೆಯಬೇಕಾಯಿತು.

ಇದಕ್ಕೆ ಪರಿಹಾರವಾಗಿ ಬಂದ ಯುಕ್ತಿಯು ವಿಜ್ಞಾನಿಗಳಿಗಿಂತ ಮೊದಲು ವ್ಯಾಪಾರಿಗಳಿಗೆ ಗೊತ್ತಿದ್ದಿತು. ಬೆಳಗಾವಿಯ ರವಿವಾರಪೇಟೆಯಂಥ ಸಗಟು ಪೇಟೆಯಲ್ಲಿ ಹಳೆಯ ರೀತಿಯಿಂದ ಲೆಕ್ಕ ಬರೆಯುವವರನ್ನು ವಾಚಕರು ನೋಡಿರಬಹುದು. ವ್ಯವಹಾರವಾದೊಡನೆ ಅವರು ಅದನ್ನು ದಿನದ ಕಿರ್ದಿಯಲ್ಲಿ ಒಂದರ ಕೆಳಗೊಂದಾಗಿ ಬರೆದುಕೊಳ್ಳುವರು. ಆಮೇಲೆ ಪುರಸೊತ್ತಿನಲ್ಲಿ ಆಯಾ ಗಿರಾಕಿಯ ಪುಟವನ್ನು ತೆಗೆದು ಖಾತೆಗೆ ಏರಿಸುವರು. ಏರಿಸುವ ನಡುವೆ ಗುಮಾಸ್ತನು ಎದ್ದುಹೋದರೂ ಚಿಂತೆಯಿಲ್ಲ. ಕಿರ್ದಿಯನ್ನು ನೋಡಿ ಇನ್ನೊಬ್ಬನು ಮುಗಿಸಬಲ್ಲನು. ೨೦೦೧ರಲ್ಲಿ ಲಿನಕ್ಸಿನ ಕರ್ನೆಲ್ಲಿಗೆ ಸೇರಿದ ‘ಎಕ್ಸ್ಟ್-೩’, ೨೦೦೮ರಲ್ಲಿ ಬಳಕೆಗೆ ಸಿದ್ಧವೆನಿಸಿದ ‘ಎಕ್ಸ್ಟ್-೪’ ಎಂಬ ವ್ಯವಸ್ಥೆಗಳು ಮಾಡುವುದು ಇದನ್ನೇ. ಡಿಸ್ಕಿನ ಒಂದು ಭಾಗವನ್ನು ಅವು ‘ಜರ್ನಲ್’ ಎಂಬ ಕಿರ್ದಿಗಾಗಿ ಮೀಸಲಿಟ್ಟಿವೆ. ಪಟ್ಟಿಗಳಲ್ಲಿ ಆಗಬೇಕಾದ ಬದಲಾವಣೆಗಳನ್ನೆಲ್ಲ ಮೊದಲು ಅಲ್ಲಿ ಬರೆದು, ಕೊನೆಗೆ ‘ಇದು ಪೂರ್ತಿಯಾಯಿತು’ ಎಂಬ ಮುದ್ರೆಯನ್ನೊತ್ತುತ್ತವೆ. ಅನಂತರವೇ ನಿಜವಾದ ಪಟ್ಟಿಗಳಿಗೆ ಕೈಹಚ್ಚುವುದು. ವಿದ್ಯುತ್ತು ಮರಳಿದ ಮೇಲೆ ಗಣಕವು ಕಿರ್ದಿಯನ್ನಷ್ಟೇ ತೆರೆದು ನೋಡುತ್ತದೆ. ಮುದ್ರೆ ಬಿದ್ದಿರುವ ನಮೂದುಗಳನ್ನು ಖಾತೆಗೇರಿಸುತ್ತದೆ. ಮುದ್ರೆಯಿಲ್ಲದ ಅರೆಬರೆ ನಮೂದನ್ನು ನಡೆದೇ ಇಲ್ಲವೆಂಬಂತೆ ಬಿಟ್ಟುಬಿಡುತ್ತದೆ. ಇಡೀ ಡಿಸ್ಕನ್ನು ಜಾಲಾಡುವ ಗಂಟೆಗಳ ಕೆಲಸವು ಕೆಲವು ಸೆಕೆಂಡಿನದಾಯಿತು. ಖಾನಾಪುರದಲ್ಲಿ ಮಳೆಗಾಲದ ಬೆಳಗಿನಲ್ಲಿ ಗಣಕವನ್ನು ಹಚ್ಚಿ ಅದರ ದಾಖಲೆಯನ್ನು ತೆರೆದರೆ ‘ರಿಕವರಿಂಗ್ ಜರ್ನಲ್’ ಎಂಬ ಸಾಲು ಎಷ್ಟು ಸಲ ಕಾಣುವುದೋ ಅಷ್ಟು ಸಲ ಇದು ನಡೆದಿದೆಯೆಂದು ತಿಳಿಯಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಾಮಾನ್ಯ ಏರ್ಪಾಟಿನಲ್ಲಿ ಕಿರ್ದಿಗೆ ಹೋಗುವುದು ಪಟ್ಟಿಗಳ ಲೆಕ್ಕವೇ ಹೊರತು ಕಡತದೊಳಗಿನ ಬರಹವಲ್ಲ; ಪಟ್ಟಿಗೆ ಮುದ್ರೆ ಬೀಳುವ ಮೊದಲು ಬರಹವು ತನ್ನ ಜಾಗ ಸೇರಿರಬೇಕೆಂಬ ನಿಯಮವನ್ನಷ್ಟೇ ಅದು ಪಾಲಿಸುತ್ತದೆ. ‘ಎಕ್ಸ್ಟ್-೪’ ಹೊಸತಾಗಿದ್ದ ೨೦೦೯ರಲ್ಲಿ ಕೆಲವರ ಗಣಕಗಳು ಹಠಾತ್ತಾಗಿ ನಿಂತ ಮೇಲೆ ಹಲವು ಕಡತಗಳು ಹೆಸರು ಮಾತ್ರ ಉಳಿದು ಒಳಗೆ ಸೊನ್ನೆಯಾಗಿ ಕಂಡವು. ಜಾಗವನ್ನು ಹಂಚಿಕೊಡುವುದನ್ನೇ ತಡವಾಗಿ ಮಾಡುವ ಹೊಸ ಚಾತುರ್ಯವು ಇದಕ್ಕೆ ಕಾರಣವೆಂದು ಅದರ ಮುಖ್ಯ ರಚಕರಲ್ಲೊಬ್ಬರಾದ ಥಿಯೊಡೋರ್ ತ್ಸೋ ವಿವರಿಸಿದರು. ಹಳೆಯ ಕಡತದ ಮೇಲೆ ಹೊಸದನ್ನು ಇರಿಸುವ ಸಂದರ್ಭಗಳಿಗೆ ಕರ್ನೆಲ್ಲಿನಲ್ಲಿಯೇ ರಕ್ಷಣೆಯನ್ನು ಸೇರಿಸಲಾಯಿತು. ‘ಜರ್ನಲ್ ಇರುವಾಗ ಯುಪಿಎಸ್ ಏಕೆ’ ಎಂದು ಕೇಳುವವರುಂಟು. ಜರ್ನಲ್ಲು ಲೆಕ್ಕವನ್ನು ಕಾಯುತ್ತದೆ, ನೀವು ಈಗಷ್ಟೇ ಬೆರಳಚ್ಚಿಸಿದ ಪುಟವನ್ನಲ್ಲ. ಖಾನಾಪುರದಲ್ಲಿ ಎರಡೂ ಬೇಕು.

ವಿದ್ಯುತ್ತಿನಿಂದಲೇ ಹುಟ್ಟಿದ, ಆದರೆ ವಿದ್ಯುತ್ತಿನ ಸುಳಿವನ್ನೇ ಕೊಡದ ಮತ್ತೊಂದು ತೊಂದರೆಯನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಖಾನಾಪುರದ ಗಣಕವನ್ನು ಮೇ ಕೊನೆಯಲ್ಲಿ ಮುಚ್ಚಿಟ್ಟಿದ್ದೆವು. ಆಗಸ್ಟ್ ೮ರಂದು ಅದನ್ನು ಮತ್ತೆ ಹಚ್ಚಿ, ಮೊಬೈಲಿನ ಮೂಲಕ ಅಂತರಜಾಲಕ್ಕೆ ಜೋಡಿಸಿದೆವು. ಕೆಲವು ಜಾಲತಾಣಗಳು ತೆರೆದವು, ಕೆಲವು ತೆರೆಯಲಿಲ್ಲ. ತಂತ್ರಾಂಶಗಳನ್ನು ನವೀಕರಿಸಲು ಹೋದರೆ, ಬಂದ ಪಟ್ಟಿಯು ‘ಇನ್ನೂ ೭೧ ದಿನಗಳವರೆಗೆ ಸಿಂಧುವಲ್ಲ’ ಎಂಬ ವಿಚಿತ್ರವಾದ ಉತ್ತರ ಬಂದಿತು. ಒಂದೆರಡು ನಿಮಿಷಗಳ ತರುವಾಯ ಏನೂ ಮಾಡದೆಯೇ ಎಲ್ಲವೂ ಸರಿಹೋಯಿತು. ತಾನಾಗಿ ಬಂದು ತಾನಾಗಿ ಹೋಗುವ ಕಾಯಿಲೆಯನ್ನು ವೈದ್ಯರು ಬಹಳ ಸಂಶಯದಿಂದ ನೋಡುತ್ತಾರೆ. ಗಣಕದ ವಿಷಯದಲ್ಲಿಯೂ ಹಾಗೆಯೇ ನೋಡುವುದು ಒಳ್ಳೆಯದು.

ಆಗಸ್ಟ್ ೮ರಿಂದ ೭೧ ದಿನ ಹಿಂದಕ್ಕೆ ಎಣಿಸಿದರೆ ಸಿಗುವುದು ಮೇ ೨೯. ಅದು ನಾವು ಗಣಕವನ್ನು ಮುಚ್ಚಿದ ದಿನ! ‘ಜರ್ನಲ್-ಸಿಟಿಎಲ್’ ಎಂಬ ಆಜ್ಞೆಯಿಂದ ಆ ದಿನದ ದಾಖಲೆಯನ್ನು ತೆರೆದೆವು. (ಇದು ಡಿಸ್ಕಿನ ಕಿರ್ದಿಯಲ್ಲ; ಇಡೀ ವ್ಯವಸ್ಥೆಯ ದಿನಚರಿ. ಹೆಸರು ಮಾತ್ರ ಒಂದೇ.) ಪ್ರತಿಯೊಂದು ಸಾಲಿನ ಆರಂಭದಲ್ಲಿ ತಾರೀಖು ಮತ್ತು ವೇಳೆಗಳಿರುತ್ತವೆ. ಗಣಕವು ಏಳುತ್ತಿರುವಾಗಿನ ನೂರಾರು ಸಾಲುಗಳಲ್ಲಿ ಮೇ ೨೯ ಎಂದೇ ಇದ್ದಿತು. ಬಳಿಕ ಗಡಿಯಾರವನ್ನು ಹೊರಗಿನ ಕಾಲಸೇವಕದೊಡನೆ ಮೊದಲ ಬಾರಿಗೆ ಹೊಂದಿಸಲಾಯಿತೆಂಬ ಒಂದು ಸಾಲು. ಅದರ ಅನಂತರದ್ದೆಲ್ಲ ಆಗಸ್ಟ್ ೮.

ನಡೆದುದು ಹೀಗೆ. ಗಣಕದ ಮುಖ್ಯ ಹಲಗೆಯ ಮೇಲೆ ಸದಾ ನಡೆಯುವ ಒಂದು ಸಣ್ಣ ಗಡಿಯಾರವಿರುತ್ತದೆ. ಗಣಕವನ್ನು ಆರಿಸಿದರೂ ಗೋಡೆಯ ಪ್ಲಗ್ಗಿನಲ್ಲಿ ತಂತಿ ಇರುವವರೆಗೆ ಅದಕ್ಕೆ ಸ್ವಲ್ಪ ವಿದ್ಯುತ್ತು ದೊರೆಯುತ್ತಿರುತ್ತದೆ. ಪ್ಲಗ್ಗನ್ನು ಕಿತ್ತರೆ, ಹಲಗೆಯ ಮೇಲಿನ ‘ಸಿಆರ್ ೨೦೩೨’ ಎಂಬ ನಾಣ್ಯದಂಥ ೩ ವೋಲ್ಟಿನ ಸೆಲ್ಲು ಆ ಹೊಣೆಯನ್ನು ಹೊರುತ್ತದೆ. ಖಾನಾಪುರದಲ್ಲಿ ಗುಡುಗು ಕೇಳಿಸಿತೆಂದರೆ ಸಿಡಿಲಿಗೆ ಹೆದರಿ ಎಲ್ಲರ ಮನೆಯಲ್ಲಿಯೂ ಮೊದಲು ಮಾಡುವ ಕೆಲಸ ಪ್ಲಗ್ಗು ಕೀಳುವುದು. ಅದು ಸರಿಯಾದ ಪದ್ಧತಿಯೇ. ಆದರೆ ಎಷ್ಟೋ ವರ್ಷದ ಆ ಸೆಲ್ಲು ಸತ್ತುಹೋಗಿದ್ದಿತು. ಗಡಿಯಾರ ನಿಂತಿತು. ಮತ್ತೆ ಹಚ್ಚಿದಾಗ ಅದು ಕಾರ್ಖಾನೆಯಿಂದ ಬಂದ ಕಾಲದ ಯಾವುದೋ ತಾರೀಖನ್ನು ತೋರಿಸಿರಬೇಕು. ಲಿನಕ್ಸ್ ಅದನ್ನು ನಂಬಲಿಲ್ಲ. ತನಗೆ ಕೊನೆಯದಾಗಿ ತಿಳಿದಿದ್ದ ವೇಳೆಯನ್ನು ಅದು ಡಿಸ್ಕಿನಲ್ಲಿ ಗುರುತಿಸಿಟ್ಟಿರುತ್ತದೆ. ಕಾಲವು ಹಿಂದಕ್ಕೆ ಹೋಗದೆಂಬ ನ್ಯಾಯದಿಂದ, ಆ ಗುರುತಿಗೇ ಗಡಿಯಾರವನ್ನು ತಿರುಗಿಸಿ ಮೇ ೨೯ರಿಂದ ಎಣಿಕೆಯನ್ನು ಮುಂದುವರಿಸಿತು.

ಹಾಗಾದರೆ ಕೆಲವು ಜಾಲತಾಣಗಳು ಮಾತ್ರ ಏಕೆ ತೆರೆಯಲಿಲ್ಲ? ಪ್ರತಿಯೊಂದು ಸುರಕ್ಷಿತ ಜಾಲತಾಣವೂ ತಾನು ಇಂಥವನೇ ಎಂಬುದಕ್ಕೆ ಒಂದು ಪ್ರಮಾಣಪತ್ರವನ್ನು ತೋರಿಸಬೇಕು. ಅದರಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಸಲ್ಲುವುದೆಂಬ ಒಕ್ಕಣೆ ಇರುತ್ತದೆ. ‘ಲೆಟ್ಸ್ ಎನ್‌ಕ್ರಿಪ್ಟ್’ ಸಂಸ್ಥೆಯು ಉಚಿತವಾಗಿ ಕೊಡುತ್ತ ಬಂದಿರುವ ಪತ್ರಗಳ ಆಯುಸ್ಸು ರೂಢಿಯಲ್ಲಿ ೯೦ ದಿನ. ಸಾಮಾನ್ಯವಾಗಿ ೬೦ ದಿನಗಳಾದೊಡನೆ ಅವುಗಳನ್ನು ಹೊಸದಾಗಿಸುತ್ತಾರೆ. ಜೂನ್ ಅಥವಾ ಜುಲೈಯಲ್ಲಿ ಪಡೆದ ಪತ್ರವು ಮೇ ೨೯ರಲ್ಲಿರುವ ಗಣಕಕ್ಕೆ ಇನ್ನೂ ಹುಟ್ಟದ ಪತ್ರ. ಅದಕ್ಕೂ ಮೊದಲು, ಹೆಚ್ಚಿನ ಅವಧಿಗೆಂದು ಪಡೆದ ಪತ್ರವಿರುವ ತಾಣಗಳು ಎಂದಿನಂತೆ ತೆರೆದುಕೊಂಡವು. ಗುಡುಗಿನಿಂದ ಪ್ಲಗ್ಗು, ಪ್ಲಗ್ಗಿನಿಂದ ಸೆಲ್ಲು, ಸೆಲ್ಲಿನಿಂದ ಗಡಿಯಾರ, ಗಡಿಯಾರದಿಂದ ಪ್ರಮಾಣಪತ್ರ: ಕಾರಣವು ಕಾರ್ಯದಿಂದ ಇಷ್ಟು ದೂರ ಕುಳಿತಿರಬಹುದೆಂಬುದನ್ನು ಯಾವ ಪುಸ್ತಕವೂ ನಮಗೆ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಕೈಗಡಿಯಾರ ರಿಪೇರಿಯ ಅಂಗಡಿಯಲ್ಲಿ ಸಿಗುವ ಒಂದು ಸೆಲ್ಲಿನಿಂದ ರೋಗ ವಾಸಿಯಾಯಿತು. ಬೆಳಗಾವಿಯ ಗಣಕವನ್ನು ಬಿಚ್ಚಿ ಅಳೆದು ನೋಡಿದಾಗ ಅದರ ಸೆಲ್ಲೂ ಸತ್ತಿದ್ದಿತು. ಅಲ್ಲಿ ಯಾರೂ ಪ್ಲಗ್ಗನ್ನು ಕೀಳದುದರಿಂದ ಅದರ ಸಾವು ಯಾರಿಗೂ ತಿಳಿದಿರಲಿಲ್ಲ.

ಉಳಿದ ನಿತ್ಯದ ಆರೈಕೆಯು ಹೆಚ್ಚಿನದೇನಲ್ಲ. ತಿಂಗಳಿಗೊಮ್ಮೆ ‘ಸ್ಮಾರ್ಟ್-ಸಿಟಿಎಲ್’ ಎಂಬ ಆಜ್ಞೆಯಿಂದ ಡಿಸ್ಕಿನ ಆರೋಗ್ಯವನ್ನು ಕೇಳಬೇಕು. ಡಿಸ್ಕು ತನ್ನ ಕೆಟ್ಟ ಜಾಗಗಳ ಬದಲಿಗೆ ಮೀಸಲು ಜಾಗಗಳನ್ನು ಎಷ್ಟು ಸಲ ಬಳಸಿಕೊಂಡಿದೆಯೆಂಬ ಸಂಖ್ಯೆ ಆ ಪಟ್ಟಿಯಲ್ಲಿರುತ್ತದೆ. ಅದು ಸೊನ್ನೆಯಿದ್ದರೆ ಸಮಾಧಾನ. ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ತಡಮಾಡದೆ ಪ್ರತಿ ತೆಗೆದಿಟ್ಟು ಹೊಸ ಡಿಸ್ಕನ್ನು ಹುಡುಕಬೇಕು. ನವೀಕರಣಗಳನ್ನು ವಾರಕ್ಕೊಮ್ಮೆ ಹಾಕಿಕೊಂಡರೆ ಸಾಕು. ಪ್ರತಿ ಪಟ್ಟಿಗೂ ತಯಾರಕರ ಗಣಿತೀಯ ಸಹಿ ಇದ್ದು, ಅದು ತಾಳೆಯಾಗದಿದ್ದರೆ ಗಣಕವು ಅದನ್ನು ಒಪ್ಪುವುದಿಲ್ಲ. ಹೊಸ ಕರ್ನೆಲ್ಲು ಬಂದಾಗ ಅಪರೂಪಕ್ಕೊಮ್ಮೆ ವೈಫೈಯೋ ಧ್ವನಿಯೋ ಮುಷ್ಕರ ಹೂಡುವುದುಂಟು. ಹಳೆಯ ಕರ್ನೆಲ್ಲು ಡಿಸ್ಕಿನಲ್ಲಿಯೇ ಉಳಿದಿರುವುದರಿಂದ, ಗಣಕವು ಏಳುವಾಗ ಪಟ್ಟಿಯಿಂದ ಅದನ್ನು ಆರಿಸಿಕೊಂಡು ಕೆಲಸವನ್ನು ಮುಂದುವರಿಸಬಹುದು. ಖಾನಾಪುರದ ತೇವ, ಬೆಳಗಾವಿಯ ಧೂಳು ಇವೆರಡಕ್ಕೂ ಮೆತ್ತನೆಯ ಕುಂಚವೇ ಮದ್ದು.

ಭಾಷೆಯ ವಿಷಯ ಹಾಗಲ್ಲ. ಅದಕ್ಕೆ ತುಸು ನಿಲ್ಲಬೇಕು. ಬೆಳಗಾವಿಯ ಮನೆಗಳಲ್ಲಿ ಒಂದೇ ಗಣಕದ ಮೇಲೆ ಕನ್ನಡ, ಮರಾಠಿ, ಇಂಗ್ಲಿಷು ಮೂರೂ ನಡೆಯಬೇಕಾಗುತ್ತದೆ. ಯುನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗಿನ ೧೨೮ ಸ್ಥಾನಗಳು ಮೀಸಲು. ಕಕಾರಕ್ಕೆ ೩೨೨೧, ವಿರಾಮಕ್ಕೆ ೩೨೭೭, ಷಕಾರಕ್ಕೆ ೩೨೫೫. ಆದರೆ ‘ಕ್ಷ’ ಎಂಬುದಕ್ಕೆ ಸ್ವಂತ ಸಂಖ್ಯೆಯಿಲ್ಲ! ಮೇಲಿನ ಮೂರು ಒಂದರ ಪಕ್ಕದಲ್ಲೊಂದು ಬಂದರೆ ಅದೇ ಕ್ಷಕಾರ. ಸಂಖ್ಯೆಗಳನ್ನು ಕೂಡಿಸಿ ನಮ್ಮ ಕಣ್ಣಿಗೆ ಒಪ್ಪುವ ಒತ್ತಕ್ಷರವನ್ನು ರಚಿಸುವ ಕೆಲಸವನ್ನು ಲಿನಕ್ಸಿನಲ್ಲಿ ಹೆಚ್ಚಾಗಿ ‘ಹಾರ್ಫ್‌ಬಜ್’ ಎಂಬ ತಂತ್ರಾಂಶವು ಮಾಡುತ್ತದೆ. ಇದರ ಬಾಳು ಸುಲಭವಲ್ಲ. ‘ಸೂರ್ಯ’ ಎಂಬಲ್ಲಿ ರಕಾರವನ್ನು ಮೊದಲು ಉಚ್ಚರಿಸುತ್ತೇವೆ, ಅರ್ಕಾವೊತ್ತಾಗಿ ಕೊನೆಯಲ್ಲಿ ಬರೆಯುತ್ತೇವೆ. ಸಂಖ್ಯೆಗಳ ಸಾಲು ಉಚ್ಚಾರಣೆಯ ಕ್ರಮದಲ್ಲಿರುತ್ತದೆ. ಪರದೆಯ ಮೇಲೆ ಅದನ್ನು ಹಿಂದುಮುಂದು ಮಾಡಬೇಕು. ‘ರ‍್ಯಾಂಕು’ ಎಂದು ಬರೆಯುವಾಗ ಅರ್ಕಾವೊತ್ತು ನಮಗೆ ಬೇಡ. ಆಗ ರಕಾರದ ಮುಂದೆ ಕಣ್ಣಿಗೆ ಕಾಣದ ೮೨೦೫ ಎಂಬ ಸಂಖ್ಯೆಯ ಚಿಹ್ನೆಯನ್ನು ಸೇರಿಸಬೇಕು. ಹೊಸದಾಗಿ ಲಿನಕ್ಸಿಗೆ ಬಂದವರು ‘ಅಕ್ಷರ ಒಡೆಯುತ್ತಿದೆ’ ಎಂದು ದೂರುವಾಗ ಹಲವು ಸಲ ಕಾರಣ ಇದೇ ಅಥವಾ ತಕ್ಕ ಅಕ್ಷರಶೈಲಿ ಇಲ್ಲದಿರುವುದು. ಲೋಹಿತ್, ಗುಬ್ಬಿ, ನವಿಲು, ನೋಟೊ ಎಂಬ ಮುಕ್ತ ಶೈಲಿಗಳಲ್ಲಿ ಒಂದನ್ನು ಹಾಕಿಕೊಂಡರೆ ಎರಡನೆಯ ದೂರು ತಪ್ಪುತ್ತದೆ.

ಬೆರಳಚ್ಚಿಗೆ ಬಂದರೆ ಒಂದು ಸಂತೋಷದ ಸಂಗತಿಯಿದೆ. ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವು ಕನ್ನಡ ಗಣಕ ಪರಿಷತ್ತಿನ ಮೂಲಕ ‘ಕಗಪ’ವೆಂಬ ಹೆಸರಿನಿಂದ ನಾಡಿಗೆಲ್ಲ ಪರಿಚಿತವಾಗಿದೆ. ಇದರಲ್ಲಿ ‘ಕೆ’ ಒತ್ತಿದರೆ ಕ, ‘ಎಫ್’ ಒತ್ತಿದರೆ ವಿರಾಮ. ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡ-ಕಗಪ ಇದೆಯಷ್ಟೆ. ಅದರ ಜೊತೆಗೆ ಮರಾಠಿ-ಕಗಪ ಎಂಬುದೂ ಇದೆ. ಕನ್ನಡಕ್ಕಾಗಿ ಹುಟ್ಟಿದ ಬೆರಳಿನ ಅಭ್ಯಾಸವು ದೇವನಾಗರಿಗೂ ನಡೆಯುವುದು: ಅದೇ ‘ಕೆ’ ಕೀಲಿ, ಅದೇ ಬೆರಳು, ಪರದೆಯ ಮೇಲೆ ಮಾತ್ರ ದೇವನಾಗರಿಯ ಕಕಾರ. ಎರಡು ಭಾಷೆಯ ಅರ್ಜಿಗಳನ್ನು ಬರೆಯಬೇಕಾದ ಬೆಳಗಾವಿಯ ಬೆರಳಚ್ಚುಗಾರನಿಗೆ ಇದರಿಂದಾಗುವ ಅನುಕೂಲವನ್ನು ಹೊರಗಿನವರು ಊಹಿಸಲಾರರು. ಅಂದಹಾಗೆ, ಬೆಳಗಾವಿ, ಖಾನಾಪುರ ಎಂಬ ಎರಡು ಹೆಸರುಗಳೂ ಯುನಿಕೋಡಿನಲ್ಲಿ ಏಳೇಳು ಸಂಖ್ಯೆಗಳವು. ಡಿಸ್ಕಿನ ಮೇಲೆ ಎರಡೂ ಸರಿಯಾಗಿ ೨೧ ಬೈಟುಗಳನ್ನು ಹಿಡಿಯುತ್ತವೆ.

ಹಳೆಯ ‘ನುಡಿ’ ಶೈಲಿಗಳಲ್ಲಿ ಬರೆದ ಕಡತಗಳ ಕಥೆ ಬೇರೆ. ಅವುಗಳ ಒಳಗಿರುವುದು ಕನ್ನಡದ ಸಂಖ್ಯೆಗಳಲ್ಲ, ರೋಮನ್ ಅಕ್ಷರಗಳ ಸಂಖ್ಯೆಗಳು. ಶೈಲಿಯು ಅವುಗಳ ಮೇಲೆ ಕನ್ನಡದ ವೇಷವನ್ನು ಹೊದಿಸುತ್ತದೆ. ಆ ಶೈಲಿಯಿಲ್ಲದ ಗಣಕದಲ್ಲಿ ತೆರೆದರೆ ವೇಷ ಕಳಚಿ, ಅರ್ಥವಿಲ್ಲದ ರೋಮನ್ ಅಕ್ಷರಗಳ ಗೋಜಲು ಕಾಣುತ್ತದೆ. ಯುನಿಕೋಡಿಗೆ ಬದಲಿಸಿಕೊಡುವ ಮುಕ್ತ ಪರಿವರ್ತಕಗಳುಂಟು. ಬದಲಿಸಿದ ಮೇಲೆ ಒಮ್ಮೆ ಕಣ್ಣಿಟ್ಟು ಓದಿ ತಿದ್ದುವುದು ಅವಶ್ಯ.

ಲಿನಕ್ಸಿನಿಂದ ಎಲ್ಲವೂ ಆಗುವುದೆಂದು ಹೇಳಿದರೆ ಅದು ಪ್ರಚಾರವಾದೀತು. ಬೆಳಗಾವಿಯ ಉದ್ಯಮಬಾಗಿನ ಎರಕದ ಕಾರ್ಖಾನೆಗಳಿಗೆ ನಕ್ಷೆ ಬರೆಯಲು ಸೇರಬೇಕೆಂದಿರುವ ವಿದ್ಯಾರ್ಥಿಯು ಆಟೊಕ್ಯಾಡ್, ಸಾಲಿಡ್‌ವರ್ಕ್ಸ್ ಮೊದಲಾದವನ್ನು ಕಲಿಯಲೇಬೇಕು. ಅವುಗಳಿಗೆ ಲಿನಕ್ಸಿನ ಆವೃತ್ತಿಯಿಲ್ಲ. ‘ಫ್ರೀಕ್ಯಾಡ್’ ಎಂಬುದು ಕಲಿಕೆಗೆ ಒದಗಬಹುದು, ನೌಕರಿಗೆ ಅದೊಂದೇ ಸಾಲದು. ಹಳೆಯ ಗಣಕಗಳೆಲ್ಲವೂ ಇದರಿಂದ ಅಮರವಾಗುತ್ತವೆಂಬುದೂ ನಿಜವಲ್ಲ. ೩೮೬ ಪ್ರೊಸೆಸರಿನ ಮೇಲೆಯೇ ಹುಟ್ಟಿದ ಲಿನಕ್ಸ್, ಆ ಪ್ರೊಸೆಸರಿಗೆ ಕೊಡುತ್ತಿದ್ದ ಆಶ್ರಯವನ್ನು ೨೦೧೨ರ ಕೊನೆಯಲ್ಲಿ ಹಿಂತೆಗೆದುಕೊಂಡಿತು. ಮಿಂಟ್ ೨೦೨೦ರಿಂದಲೂ ಉಬುಂಟುವಿನ ಮೇಲೆ ಕಟ್ಟಿದ ತನ್ನ ಮುಖ್ಯ ಆವೃತ್ತಿಯಲ್ಲಿ ೩೨-ಬಿಟ್ ಗಣಕಗಳನ್ನು ಕೈಬಿಟ್ಟಿದೆ. ೨೦೨೫ರ ಆಗಸ್ಟಿನಲ್ಲಿ ಬಂದ ಡೆಬಿಯನ್ ೧೩ ಕೂಡ ಅಂಥ ಗಣಕಗಳಿಗೆ ಅನುಸ್ಥಾಪನೆಯ ಸೌಕರ್ಯವನ್ನು ಕೊಡುವುದಿಲ್ಲ. ಸುಮಾರು ೨೦೧೦ರಿಂದ ೨೦೧೭ರವರೆಗಿನ ೬೪-ಬಿಟ್ ಗಣಕಗಳಿಗೆ ನಮ್ಮ ಮಾತು ಅನ್ವಯಿಸುತ್ತದೆ. ಸ್ಮೃತಿಯು ೪ ಗಿಗಾಬೈಟಿದ್ದರೆ ನಡೆದೀತು, ೮ ಇದ್ದರೆ ನೆಮ್ಮದಿ. ತಿರುಗುವ ಡಿಸ್ಕಿನ ಬದಲಿಗೆ ಎಸ್‌ಎಸ್‌ಡಿಯನ್ನು ಹಾಕಿಸಿದರೆ ಆಗುವ ವ್ಯತ್ಯಾಸವು ಉಳಿದೆಲ್ಲ ಸುಧಾರಣೆಗಳಿಗಿಂತ ಹೆಚ್ಚಿನದು.

ಪರೀಕ್ಷಿಸಿ ನೋಡುವ ಇಚ್ಛೆಯುಳ್ಳ ವಿದ್ಯಾರ್ಥಿಗಳು ಗಣಕದಲ್ಲಿರುವುದನ್ನು ಅಳಿಸಬೇಕಾಗಿಲ್ಲ. ೮ ಗಿಗಾಬೈಟಿನ ಪೆನ್‌ಡ್ರೈವಿಗೆ ಮಿಂಟನ್ನು ಇಳಿಸಿಕೊಂಡು, ಅದರಿಂದಲೇ ಗಣಕವನ್ನು ಎಬ್ಬಿಸಬಹುದು. ನೀವಾಗಿ ಹೇಳುವವರೆಗೆ ಅದು ಡಿಸ್ಕಿನ ಮೇಲೆ ಏನನ್ನೂ ಬರೆಯುವುದಿಲ್ಲ. ವೈಫೈ ಹತ್ತುವುದೇ, ಧ್ವನಿ ಬರುವುದೇ, ಮನೆಯ ಮುದ್ರಕವು ಕಾಣಿಸುವುದೇ ಎಂದು ಆಗಲೇ ನೋಡಿಕೊಳ್ಳಬೇಕು. ‘ಸೂರ್ಯ’ ಎಂದು ಬೆರಳಚ್ಚಿಸಿ ಅರ್ಕಾವೊತ್ತು ತನ್ನ ಜಾಗದಲ್ಲಿದೆಯೇ ಎಂದೂ ನೋಡಬೇಕು. ಅನಂತರ ಡಿಸ್ಕಿನ ಆರೋಗ್ಯದ ಪಟ್ಟಿಯನ್ನು ತೆಗೆದು, ಬದಲಾದ ಜಾಗಗಳ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಬೇಕಾದ ಕಡತಗಳನ್ನೆಲ್ಲ ಬೇರೆಡೆಗೆ ನಕಲು ಮಾಡಿದ ಮೇಲೆಯೇ ಸ್ಥಾಪನೆಗೆ ಕೈಹಾಕುವುದು ಸರಿ. ಖಾನಾಪುರದ ಕಡೆಯವರಾದರೆ ಆಗಲೇ ಸೆಲ್ಲನ್ನೂ ಬದಲಿಸಿಬಿಡಬಹುದು. ಎಸ್‌ಎಸ್‌ಡಿ ಹಾಕಲೆಂದು ಡಬ್ಬಿಯನ್ನು ಹೇಗೂ ಬಿಚ್ಚಿರುತ್ತಾರೆ.